ಮೊದಲು ಬೆಳಕಿಂಡಿ, ಆಮೇಲೆ ಹಲಗೆ

ಕೇಳುಗರಿಗೆ ನಮಸ್ಕಾರ. ಕಲಬುರಗಿಯ ಹಳೆಯ ಓಣಿಗಳಲ್ಲಿ ಮುತ್ತಜ್ಜರ ಕಾಲದ ಕಲ್ಲು-ಗಚ್ಚಿನ ಮನೆಯನ್ನು ಉಳಿಸಿಕೊಂಡು, ಅದರ ಮಹಡಿಯನ್ನು ದುರಸ್ತಿ ಮಾಡಿಸಿ ಮಗ-ಸೊಸೆಗೆ ಬಿಟ್ಟುಕೊಡಬೇಕೆಂದಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದೇನೆ. ನನ್ನ ಮಾತು ಒಂದೇ: ಮೊದಲು ಬೆಳಕಿಂಡಿ ತೆರೆಯಿರಿ, ಆಮೇಲೆ ನೆಲದ ಹಲಗೆಯ ಗೊಡವೆಗೆ ಹೋಗಿ.

ಕೆಲವು ವರ್ಷಗಳ ಹಿಂದೆ ಬ್ರಹ್ಮಪುರದ ಒಂದು ಮನೆಗೆ ನನ್ನನ್ನು ಕರೆಸಿದ್ದರು. ಮಹಡಿಯ ಸಾಗವಾನಿ ಹಲಗೆಗಳು ಕಾಲಿಟ್ಟಲ್ಲಿ ಜಗ್ಗುತ್ತಿದ್ದವು. ಎಲ್ಲವನ್ನೂ ಕಿತ್ತು ಟೈಲ್ಸ್ ಹಾಕಿಸಲು ಯಜಮಾನರು ಮುಂಗಡ ಕೊಟ್ಟಾಗಿತ್ತು. ನಾನು ಗೋಣಿ ಹೊಲಿಯುವ ದಬ್ಬಳವೊಂದನ್ನು ತರಿಸಿ ತೊಲೆಗಳನ್ನು ಚುಚ್ಚುತ್ತ ಹೋದೆ. ಕೋಣೆಯ ನಡುವೆ ದಬ್ಬಳದ ಮೊನೆಯೂ ಇಳಿಯಲಿಲ್ಲ; ತೊಲೆ ಗೋಡೆಯನ್ನು ಹೊಕ್ಕ ಕಡೆ ಮಾತ್ರ ನೆನೆದ ರೊಟ್ಟಿಗೆ ಚುಚ್ಚಿದಂತೆ ಬೆರಳುದ್ದ ಇಳಿಯಿತು. ಅಲ್ಲೇ ಕುಳಿತಿದ್ದ ಆ ಮನೆಯ ಅಜ್ಜಿ, “ಮಳಿ ಸೋರ್ತದಂತ ಮ್ಯಾಲಿನ ಕಿಂಡಿ ಮುಚ್ಯಾರ್ರಿ, ಅವತ್ತಿನಿಂದ ಖೋಲ್ಯಾಗ ಮುಗ್ಗಲ ವಾಸನಿ” ಎಂದರು. ಎಂಜಿನಿಯರ್ ಆದ ನಾನು ಹೇಳಬೇಕಾದುದನ್ನು ಅವರೇ ಹೇಳಿಬಿಟ್ಟಿದ್ದರು. ಕಿಂಡಿಗೆ ಕಾಂಕ್ರೀಟ್ ಹೊದಿಸಿದ್ದಲ್ಲದೆ ಒಳಗೋಡೆಗೂ ಸಿಮೆಂಟ್ ಗಿಲಾವು ಮಾಡಿಸಿದ್ದರು. ಸುಣ್ಣದ ಗಿಲಾವು ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ದಾರಿ ಕಾಣದ ಆ ತೇವ ತೊಲೆಯ ತುದಿಯನ್ನು ಸೇರುತ್ತದೆ, ಅದರ ಬೆನ್ನಿಗೇ ಗೆದ್ದಲು.

ನಾವು ಕಿಂಡಿಯನ್ನು ತೆರೆದು, ಸುತ್ತ ಮೊಣಕಾಲೆತ್ತರದ ಕಟ್ಟೆ ಎತ್ತಿ, ನೆತ್ತಿಗೆ ಶಹಾಬಾದ ಫರ್ಶಿ, ಉತ್ತರದ ಬದಿಗೆ ಗಾಜು, ಉಳಿದ ಬದಿಗಳಿಗೆ ಜಾಲರಿ ಇಟ್ಟೆವು. ಸಿಮೆಂಟನ್ನು ಕೆತ್ತಿಸಿ ಸುಣ್ಣದ ಗಿಲಾವು ಮಾಡಿಸಿ, ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟೆವು. ಆ ಮೇಲೆಯೇ ಬಡಿಗರು ಬಂದು, ಕೊಳೆತ ತುದಿಗಳನ್ನಷ್ಟೇ ಕೊಯ್ದು ಹಳೆಯ ಸಾಗವಾನಿಯನ್ನು ಬೆಸೆದರು. ಬದಲಾಯಿಸಬೇಕಾಗಿ ಬಂದ ಹಲಗೆಗಳು ನಾಲ್ಕು. ಟೈಲ್ಸ್‌ನ ಮುಂಗಡ ವಾಪಸು ಬರಲಿಲ್ಲ, ಅದು ಬೇರೆ ಮಾತು.

ನಮ್ಮ ಬಿಸಿಲಿಗೆ ಬೆಳಕಿಂಡಿಯೇ ಎಂದು ಎಲ್ಲರೂ ಕೇಳುತ್ತಾರೆ. ಕೇಳಿ ಕೇಳಿ ನನಗೂ ಸಾಕಾಗಿದೆ. ದಯವಿಟ್ಟು ಒಮ್ಮೆ ಕೋಟೆಯೊಳಗೆ ಹೋಗಿ, 1367ರಲ್ಲಿ ಕಟ್ಟಿದ ಜಾಮಿ ಮಸೀದಿಯಲ್ಲಿ ಮಧ್ಯಾಹ್ನದ ಹೊತ್ತು ನಿಂತು ನೋಡಿ. ಅಂಗಳವನ್ನೇ ಬಿಡದೆ ಇಡೀ ಕಟ್ಟಡಕ್ಕೆ ಗುಮ್ಮಟಗಳನ್ನು ಹೊದಿಸಿದ್ದರೂ ಪಕ್ಕದ ಅಗಲವಾದ ಕಮಾನುಗಳಿಂದ ಒಳಗೆಲ್ಲ ಬೆಳಕು ಹರಿಯುತ್ತದೆ, ನೆತ್ತಿಯ ಬಿಸಿಲು ಮಾತ್ರ ಹೊರಗೇ ಉಳಿಯುತ್ತದೆ. ಬೆಳಕು ಬೇರೆ, ಬಿಸಿಲು ಬೇರೆ. ಅದಕ್ಕೇ ಗಾಜನ್ನು ಅಡ್ಡ ಹಾಸಬೇಡಿ, ನೆಟ್ಟಗೆ ನಿಲ್ಲಿಸಿ. ಕಿಂಡಿಯ ಒಳಮೈಗೆ ಬಿಳಿ ಸುಣ್ಣ ಬಳಿಯಿರಿ.

ಸಮಯ ಕಡಿಮೆ ಉಳಿದಿರುವುದರಿಂದ ಹಲಗೆಯ ಆರೈಕೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಅದರ ಮೇಲೆ ಪ್ಲಾಸ್ಟಿಕ್ ಹಾಸನ್ನು ಅಂಟಿಸಬೇಡಿ, ಕೊಡದಿಂದ ನೀರು ಸುರಿದು ತೊಳೆಯಬೇಡಿ. ಅಗಸೆ ಎಣ್ಣೆಯನ್ನು ತೆಳ್ಳಗೆ ಒರೆಸಿದರೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದುಡಿ ಮೂಲೆಗೆ ಎಸೆಯಬೇಡಿ, ಅದು ಒಳಗೊಳಗೇ ಕಾವು ಏರಿ ತಾನಾಗಿ ಹೊತ್ತಿಕೊಳ್ಳಬಲ್ಲದು. ಮಾಳಿಗೆಯ ಮೇಲೆ ಬಿಡಿಸಿ ಹರವಿ ಒಣಗಿಸಿ. ನಮಸ್ಕಾರ.