ಕೆಪ್ಪಜೋಗದ ಸದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಜಲಪಾತ ನೋಡಿಕೊಂಡು ಬಂದೆವು ಅಂತ ಹೇಳುವುದು ರೂಢಿ. ಸೆಪ್ಟೆಂಬರ್ ಕೊನೆಯ ವಾರ ನಾನೂ ನನ್ನ ಗೆಳತಿಯೂ ಬೆನ್ನಿಗೆ ಒಂದೊಂದು ಚೀಲ ಏರಿಸಿಕೊಂಡು ಧಾರವಾಡದಿಂದ ಹೊರಟದ್ದೂ ನೋಡುವುದಕ್ಕೇ. ನಾಲ್ಕು ದಿನ, ಮೂರು ನದಿ, ಬರೀ ಬಸ್ಸು ಮತ್ತು ಕಾಲು. ತಿರುಗಿ ಬಂದ ಮೇಲೆ ನೋಡಿದರೆ ಕಣ್ಣಿಗಿಂತ ಕಿವಿಯಲ್ಲೇ ಹೆಚ್ಚು ಉಳಿದಿದೆ. ಅದನ್ನೇ ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ಮೊದಲು ಯಲ್ಲಾಪುರದ ಮಾಗೋಡು. ಬೇಡ್ತಿ ನದಿ ಅಲ್ಲಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಕೆಳಗಿಳಿಯುತ್ತದೆ. ನಾವು ನಿಲ್ಲುವ ಜಾಗ ಕಣಿವೆಯ ಈಚೆ ದಡ, ನೀರು ಬೀಳುವುದು ಆಚೆ. ಹಾಗಾಗಿ ಸದ್ದು ಒಂದು ಗಳಿಗೆ ಗಾಳಿಯೊಂದಿಗೆ ಬಂದು, ಮರುಗಳಿಗೆ ಹೋಗಿಬಿಡುತ್ತದೆ. 1980ರ ಆಸುಪಾಸಿನಲ್ಲಿ ಈ ಬೇಡ್ತಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಿತ್ತು. ಶಿರಸಿ, ಯಲ್ಲಾಪುರ ಕಡೆಯ ಅಡಿಕೆ ಬೆಳೆಗಾರರು ಎದ್ದು ನಿಂತರು, ಯೋಜನೆ ನಿಂತಿತು. ಅವರು ಅಂದು ಸುಮ್ಮನಿದ್ದಿದ್ದರೆ ನಾವು ಇವತ್ತು ಈ ದಡದಲ್ಲಿ ಕಿವಿಗೊಟ್ಟು ನಿಲ್ಲುವಂತಿತ್ತೋ ಇಲ್ಲವೋ.

ಜೋಗ ತಲುಪಿದಾಗ ಮಂಜು ಮುಸುಕಿತ್ತು. ಏನೆಂದರೆ ಏನೂ ಕಾಣದು. ಒದ್ದೆಯಾದ ಕಬ್ಬಿಣದ ಕಂಬಿ ಹಿಡಿದು ಅರ್ಧ ಗಂಟೆ ನಿಂತೆವು. ಕಾಣದ ಜೋಗವನ್ನು ಕೇಳುವ ಅದೃಷ್ಟ ಎಲ್ಲರಿಗೂ ಸಿಗುವುದಿಲ್ಲ. ಬಿಳಿ ಪರದೆಯ ಹಿಂದೆ ಒಂದೇ ಸಮನೆ ಗುಡುಗಿದ ಹಾಗೆ. ಮಂಜು ಸರಿದಾಗ ಒಬ್ಬೊಬ್ಬರೇ ಹೊರಬಂದರು. 253 ಮೀಟರ್ ಎತ್ತರದಿಂದ ನೆಟ್ಟಗೆ ಧುಮುಕುವ ರಾಜ, ಬಂಡೆಯ ಸಂದಿನಲ್ಲಿ ಅಬ್ಬರಿಸಿಕೊಂಡು ರಾಜನ ಕಡೆಗೇ ನುಗ್ಗುವ ರೋರರ್, ಚಿಮ್ಮಿ ಚಿಮ್ಮಿ ಇಳಿಯುವ ರಾಕೆಟ್, ಬಂಡೆಯ ಮೈಗೆ ಒರಗಿಕೊಂಡು ಜಾರುವ ರಾಣಿ.

ಚಹಾದ ಅಂಗಡಿಯವರು, “ಡ್ಯಾಮ್ ಗೇಟು ತೆಗೆದಾಗ ಬರಬೇಕಿತ್ತು ನೀವು, ಆಗ ಇಲ್ಲಿ ನಿಂತು ಮಾತಾಡೋಕೆ ಆಗಲ್ಲ” ಅಂದರು. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ. 1964ರಿಂದ ಶರಾವತಿಯ ನೀರು ಮೊದಲು ವಿದ್ಯುತ್ತಿಗೆ, ಉಳಿದದ್ದು ರಾಜನಿಗೆ. ನನ್ನ ಮನೆಯ ದೀಪವೂ ಆ ನೀರಿನಿಂದ ಉರಿದಿರುತ್ತದೆ, ದೂರುವ ಬಾಯಿ ನನಗಿಲ್ಲ. ಆದರೂ ಬೇಸಿಗೆಯಲ್ಲಿ ಇಲ್ಲಿಗೆ ಬಂದು, ಆ ದೊಡ್ಡ ಕರಿಬಂಡೆಯ ಮೇಲೆ ನಾಲ್ಕು ಎಳೆ ನೀರು ಕಂಡವರಿಗೆ ಹೊಟ್ಟೆಯಲ್ಲಿ ಸಂಕಟವಾಗದೆ ಇರದು.

ಸಿದ್ದಾಪುರದಿಂದ ಹೆಗ್ಗರಣಿ. ಅಲ್ಲಿಂದ ಕಾಡಿನ ದಾರಿಯಲ್ಲಿ ಐದು ಕಿಲೋಮೀಟರ್ ಹೋದರೆ ಉಂಚಳ್ಳಿ ಜಲಪಾತ. ಗೆಳತಿಯ ಪರಿಚಯದವರ ಮನೆಯೊಂದು ಆ ಹಾದಿಯಲ್ಲೇ ಇತ್ತು. ಅಂಗಳಕ್ಕೆ ಕಾಲಿಡುತ್ತಲೇ ಮನೆಯ ಅಮ್ಮ, “ಆಸರಿಗೆ ಎಂತ ಕೊಡಲಿ ತಂಗಿ?” ಎಂದು ಕೇಳಿ, ಬೆಲ್ಲದ ಚೂರು, ತಂಬಿಗೆ ನೀರು ತಂದಿಟ್ಟರು. ಚೀಲ ಅಲ್ಲೇ ಇಳಿಸಿದೆವು. ಹೊರಡುವಾಗ ಹೊಗೆಸೊಪ್ಪು, ಸುಣ್ಣ ಸೇರಿಸಿ ಅರಿವೆಯಲ್ಲಿ ಕಟ್ಟಿದ ಪುಟ್ಟ ಗಂಟನ್ನು ಕೈಗಿತ್ತರು. ಉಂಬಳ, ಅಂದರೆ ಜಿಗಣೆ, ಕಚ್ಚಿದರೆ ಒತ್ತಲಿಕ್ಕೆ. ಹೋಗಿ ಬರುವುದರೊಳಗೆ ಅದನ್ನು ಹನ್ನೊಂದು ಸಲ ಒತ್ತಿದ್ದೇವೆ.

ಒಂದು ತಿರುವಿನಲ್ಲಿ ಗೆಳತಿ ಗಕ್ಕನೆ ನಿಂತಳು. “ಕೇಳಸ್ತದೇನು?” ನನಗೆ ಕೇಳಿಸಿರಲಿಲ್ಲ. ಎರಡು ಹೆಜ್ಜೆ ಮುಂದಿಟ್ಟೆ, ಕೇಳಿಸಿತು. ಹಿಂದಿಟ್ಟೆ, ಇಲ್ಲ. ಗುಡ್ಡದ ಅಂಚು ಅಲ್ಲಿ ಸದ್ದನ್ನು ಕತ್ತರಿಸಿ ಇಟ್ಟಂತಿತ್ತು. ಅಲ್ಲಿಂದ ಮುಂದೆ ಹೆಜ್ಜೆಗೊಂದಿಷ್ಟು ಬೆಳೆಯುತ್ತ ಹೋಯಿತು. ಮೆಟ್ಟಿಲಿಳಿದು ಎದುರು ನಿಂತಾಗ ಗೆಳತಿಯ ತುಟಿ ಆಡುತ್ತಿತ್ತು, ಮಾತು ಮುಟ್ಟಲಿಲ್ಲ. 116 ಮೀಟರ್ ಎತ್ತರದಿಂದ ಅಘನಾಶಿನಿ ಕಣಿವೆಗೆ ಬೀಳುವ ಈ ಅಬ್ಬಿಗೆ ಊರವರು ಇಟ್ಟ ಹೆಸರು ಕೆಪ್ಪಜೋಗ. ಲಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರನ ಹೆಸರೂ ಇದಕ್ಕಿದೆ, ಆದರೆ ಎದುರು ನಿಂತು ಕೇಳಿದವರಿಗೆ ಕೆಪ್ಪಜೋಗವೇ ಸರಿ. ಕಲ್ಲಿನ ಮೇಲೆ ಅಂಗೈ ಊರಿದೆ. ಕಲ್ಲು ಸಣ್ಣಗೆ ನಡುಗುತ್ತಿತ್ತು.

ಶಿರಸಿಯ ಹತ್ತಿರ ಹುಟ್ಟಿ ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುವವರೆಗೆ ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಇಲ್ಲಿ ಧುಮುಕಿದ ನೀರೇ ಕೆಳಗೆ ಅಳಿವೆಯಲ್ಲಿ ಉಪ್ಪುನೀರಿಗೆ ಬೆರೆತು, ಗಜನಿ ಎನ್ನುವ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುತ್ತದೆ, ಬಳಚು ಎನ್ನುವ ಚಿಪ್ಪುಜೀವಿ ಹೆಕ್ಕುವ ಹೆಂಗಸರ ಬುಟ್ಟಿ ತುಂಬುತ್ತದೆ. ಸುತ್ತಲಿನ ಕಾಡು 2011ರಿಂದ ಸಿಂಗಳೀಕಗಳ ಸಂರಕ್ಷಿತ ಪ್ರದೇಶ. ನದಿ ಹೀಗೇ ಇರಲಿ ಎಂದು ನಾನು ಮನಸಾರೆ ಬೇಡಿಕೊಳ್ಳುತ್ತೇನೆ.

ಸದ್ದನ್ನು ಮೊಬೈಲಿನಲ್ಲಿ ಹಿಡಿದು ತಂದು ನಿಮಗೆ ಕೇಳಿಸುವ ಆಸೆಯಿತ್ತು. ಹಿಡಿದೆವು ಕೂಡ. ಮರಳಿ ಹಾಕಿ ಕೇಳಿದರೆ ಕಾದ ಕಾವಲಿಗೆ ನೀರು ಚಿಮುಕಿಸಿದಂತೆ ಬರೀ ಚುಂಯ್. ಅಳಿಸಿಬಿಟ್ಟೆವು.

ರಾತ್ರಿ ಅಪ್ಪೆಹುಳಿ, ಅನ್ನ. ಊಟ ಬಡಿಸುತ್ತ ಅಮ್ಮ ಹೇಳಿದರು, “ಇಲ್ಲಿ ಮಳೆ ಇಲ್ಲದಿದ್ದರೂ ಅಬ್ಬಿ ಸದ್ದು ದಪ್ಪ ಆತು ಅಂದ್ರೆ, ಶಿರಸಿ ಬದಿಗೆ ಹೊಯ್ದಿದೆ ಅಂತ ಲೆಕ್ಕ, ತಂಗಿ.” ಮದುವೆಯಾಗಿ ಬಂದಾಗಿನಿಂದ ಅವರು ಹೀಗೆ ಕೇಳುತ್ತಿದ್ದಾರಂತೆ.

ಜಗುಲಿಯಲ್ಲಿ ಚಾಪೆ ಹಾಸಿ ಮಲಗಿದೆವು. ನಡುರಾತ್ರಿ ಎಚ್ಚರವಾಯಿತು. ಹೊರಗೆ ಚುಕ್ಕಿಗಳಿದ್ದವು, ಒಂದು ಹನಿಯೂ ಬಿದ್ದಿರಲಿಲ್ಲ. ಪಕ್ಕದಲ್ಲಿ ಗೆಳತಿ ಎದ್ದು ಕೂತಿದ್ದಳು.

“ಶಿರಸ್ಯಾಗ ಮಳಿ ಬಂದದ,” ಅಂದಳು.