ತೋಟದ ಫ್ಲೋ ಮೀಟರಿಗೂ ಆಟದ ಮೈಕ್ ಸೆಟ್ಟಿಗೂ ಒಂದೇ 555 ಬೋರ್ಡು

ಕ್ಯಾಮರಾದ ಎದುರು ಕಾಣುವುದು ಪಲ್ಸ್ ಜನರೇಟರ್, ಅಂದರೆ ಬೇಕಾದ ವೇಗದಲ್ಲಿ ಪಲ್ಸ್ ಕೊಡುವ ಬೋರ್ಡು, ಎರಡು ಬೆರಳಿನಷ್ಟು ಅಗಲ. ನಡುವೆ ಎಂಟು ಕಾಲಿನ ಎನ್‌ಇ555 ಐಸಿ. ಪಕ್ಕದಲ್ಲಿ ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸುವ ಎರಡು ಟ್ರಿಮ್‌ಪಾಟ್, ಒಂದು ಸಾಲು ಜಂಪರ್ ಪಿನ್, ಒಂದು ಎಲ್‌ಇಡಿ. ಹೊರಗೆ ಬರುವುದು ಮೂರೇ ಪಿನ್: ವಿಸಿಸಿ (ಸಪ್ಲೈಯ ಪ್ಲಸ್), ಔಟ್, ಗ್ರೌಂಡ್. ಇದು ಕೊಡುವುದು ಚೌಕ ಅಲೆ ಮಾತ್ರ. ಸೈನ್ ಅಲೆ ಬೇಕಾದರೆ ಎಕ್ಸ್‌ಆರ್2206 ಕಿಟ್ ಅಥವಾ ಎಡಿ9833 ಮಾಡ್ಯೂಲ್ ನೋಡಿ. ಆದರೆ ನಮ್ಮ ಕಾಸರಗೋಡು ಕಡೆ ಮೇಜಿನ ಮೇಲೆ ಬಂದು ಕೂರುವ ಕೆಲಸಗಳಿಗೆ, ಅಂದರೆ ಅಡಿಕೆ ತೋಟದ ನೀರು ಅಳೆಯುವ ಸರ್ಕ್ಯೂಟಿಗೆ, ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಆಟದ ತಿರುಗಾಟ ಮುಗಿಸಿದ ಮೇಲೆ ರಿಪೇರಿಗೆ ಬರುವ ಮೈಕ್ ಸೆಟ್ಟಿಗೆ, ಇದೇ ಧಾರಾಳ.

ಮೊದಲು ಕರೆಂಟಿನ ವಿಷಯ. ಬೋರ್ಡಿಗೆ 5ರಿಂದ 15 ವೋಲ್ಟ್ ಡಿಸಿ ಬೇಕು. ಮನೆಯಲ್ಲಿ ಬಿದ್ದಿರುವ ಹಳೇ ಅಡಾಪ್ಟರ್ ತೆಗೆದುಕೊಳ್ಳುವವರು ಒಮ್ಮೆ ಮಲ್ಟಿಮೀಟರ್ ಇಟ್ಟು ನೋಡಿ. ಟ್ರಾನ್ಸ್‌ಫಾರ್ಮರ್ ಇರುವ, ರೆಗ್ಯುಲೇಟರ್ ಇಲ್ಲದ ಭಾರದ ಅಡಾಪ್ಟರಿನ ಮೇಲೆ 12 ಎಂದು ಬರೆದಿದ್ದರೂ ಲೋಡ್ ಇಲ್ಲದಾಗ 16, 17 ವೋಲ್ಟ್ ತೋರಿಸುವುದುಂಟು. ಎನ್‌ಇ555 ಐಸಿಗೆ 16 ವೋಲ್ಟೇ ಮೇಲಿನ ಗಡಿ. ಈ ಬೋರ್ಡುಗಳಲ್ಲಿ ಉಲ್ಟಾ ಕನೆಕ್ಷನ್ ತಡೆಯುವ ಡಯೋಡ್ ಇರುತ್ತದೆಂದು ನಂಬಬೇಡಿ. ವಿಸಿಸಿ ತಂತಿಗೆ ಸರಣಿಯಲ್ಲಿ ಒಂದು 1ಎನ್4007 ಹಾಕಿದರೆ ನಷ್ಟ 0.7 ವೋಲ್ಟ್, ನೆಮ್ಮದಿ ಪೂರ್ತಿ. ಬೋರ್ಡಿನ ಹತ್ತಿರವೇ 100 ಮೈಕ್ರೋಫ್ಯಾರಡ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಹಳೇ ಬೈಪೋಲಾರ್ 555 ಪ್ರತಿ ಸಲ ಔಟ್‌ಪುಟ್ ಬದಲಿಸುವಾಗ ಕ್ಷಣಮಾತ್ರ ಜೋರಾಗಿ ಕರೆಂಟ್ ಎಳೆಯುತ್ತದೆ. ಅದೇ ಸಪ್ಲೈಯಲ್ಲಿರುವ ಮೈಕ್ರೋಕಂಟ್ರೋಲರ್ ಸುಮ್ಮಸುಮ್ಮನೆ ರೀಸೆಟ್ ಆಗುತ್ತಿದ್ದರೆ ಮೊದಲ ಅನುಮಾನ ಇಲ್ಲಿ ಪಡಿ.

ಈಗ ಜಂಪರ್. ನಾಲ್ಕು ರೇಂಜ್ ಉಂಟು: 1ರಿಂದ 50 ಹರ್ಟ್ಸ್, 50 ಹರ್ಟ್ಸಿನಿಂದ 1 ಕಿಲೋಹರ್ಟ್ಸ್, 1ರಿಂದ 10 ಕಿಲೋಹರ್ಟ್ಸ್, 10ರಿಂದ 200 ಕಿಲೋಹರ್ಟ್ಸ್. ಜಂಪರ್ ಬದಲಿಸಿದಾಗ ಟೈಮಿಂಗ್ ಕೆಪಾಸಿಟರ್ ಬದಲಾಗುತ್ತದೆ, ಪಾಟ್ ತಿರುಗಿಸಿದಾಗ ರೆಸಿಸ್ಟೆನ್ಸ್. ಫ್ರೀಕ್ವೆನ್ಸಿ ರೆಸಿಸ್ಟೆನ್ಸಿಗೆ ವಿಲೋಮ, ಹಾಗಾಗಿ ಪ್ರತಿ ರೇಂಜಿನ ಕೆಳತುದಿಯಲ್ಲಿ ಪಾಟ್ ನಿಧಾನಕ್ಕೆ ಮಾತು ಕೇಳುತ್ತದೆ, ಮೇಲ್ತುದಿಯಲ್ಲಿ ಕೂದಲೆಳೆ ತಿರುಗಿಸಿದರೂ ನೂರಾರು ಹರ್ಟ್ಸ್ ಹಾರುತ್ತದೆ. 1.1 ಕಿಲೋಹರ್ಟ್ಸ್ ಬೇಕಿದ್ದರೆ ಮೂರನೇ ರೇಂಜಿನ ಕೆಳತುದಿಯಲ್ಲಿ ಹಿಡಿಯಿರಿ. ಎರಡನೇ ರೇಂಜಿನ ತುದಿಯಲ್ಲಿ 950 ಹರ್ಟ್ಸ್ ನಿಲ್ಲಿಸಲು ಒದ್ದಾಡಬೇಡಿ. ಇನ್ನೊಂದು ಪಾಟ್ ಡ್ಯೂಟಿಗೆ, ಅಂದರೆ ಒಂದು ಅಲೆಯಲ್ಲಿ ಔಟ್ ಎಷ್ಟು ಪಾಲು ಹೊತ್ತು ಮೇಲಿರಬೇಕು ಎನ್ನುವುದಕ್ಕೆ. ಅದನ್ನು ಮುಟ್ಟಿದರೆ ಫ್ರೀಕ್ವೆನ್ಸಿಯೂ ಸರಿಯುತ್ತದೆ. ಆದ್ದರಿಂದ ಮೊದಲು ಡ್ಯೂಟಿ, ಆಮೇಲೆ ಫ್ರೀಕ್ವೆನ್ಸಿ, ಮತ್ತೆ ಡ್ಯೂಟಿಯ ಕಡೆ ಒಮ್ಮೆ ಕಣ್ಣು. ಬೋರ್ಡಿನಲ್ಲಿ ಡಿಸ್‌ಪ್ಲೇ ಇಲ್ಲ, ಹರ್ಟ್ಸ್ ಅಳೆಯುವ ಮಲ್ಟಿಮೀಟರ್ ಜೊತೆಗಿರಲೇಬೇಕು. ಕೆಲವೇ ಹರ್ಟ್ಸಿನ ಅಲೆ ಅಗ್ಗದ ಮೀಟರುಗಳಿಗೆ ಸಿಕ್ಕುವುದಿಲ್ಲ. ಆಗ ಎಲ್‌ಇಡಿ ಮಿಣುಕುವುದನ್ನು 30 ಸೆಕೆಂಡ್ ಎಣಿಸಿ ಭಾಗಿಸಿ.

ಈಗ ತೋಟದ ಮೀಟರ್. ವೈಎಫ್-ಎಸ್201 ಅರ್ಧ ಇಂಚಿನ ಫ್ಲೋ ಸೆನ್ಸರ್, ಡ್ರಿಪ್‌ನ ಕವಲು ಪೈಪಿಗೆ ಹೊಂದುವಂಥದ್ದು, ಮೈನ್ ಲೈನಿಗಲ್ಲ. ಇದರ ಲೆಕ್ಕ ಸರಳ: ನಿಮಿಷಕ್ಕೆ ಎಷ್ಟು ಲೀಟರೋ ಅದರ 7.5 ಪಟ್ಟು ಹರ್ಟ್ಸ್. ಲೀಟರಿಗೆ 450 ಪಲ್ಸ್. ಈ ಪಲ್ಸ್ ಎಣಿಸಲು ಮೈಕ್ರೋಕಂಟ್ರೋಲರಿಗೆ ಬರೆದ ಕೋಡ್ ಸರಿ ಉಂಟೋ ಎಂದು ನೋಡಲು ಪಂಪ್ ಹಾಕಿ ನೀರು ಬಿಡಬೇಕಾಗಿಲ್ಲ. ಸೆನ್ಸರಿನ ಜಾಗದಲ್ಲಿ ಈ ಬೋರ್ಡು ಇಡಿ, 5 ವೋಲ್ಟಿನಲ್ಲಿ ಓಡಿಸಿ, ಔಟ್ ಪಿನ್ನನ್ನು ಆರ್ಡುಯಿನೊ ಉನೊ ಮೈಕ್ರೋಕಂಟ್ರೋಲರ್ ಬೋರ್ಡಿನ 2ನೇ ಪಿನ್ನಿಗೆ, ಗ್ರೌಂಡ್ ಗ್ರೌಂಡಿಗೆ. 75 ಹರ್ಟ್ಸ್ ಇಟ್ಟರೆ ಸೀರಿಯಲ್ ಮಾನಿಟರಿನಲ್ಲಿ ನಿಮಿಷಕ್ಕೆ 10 ಲೀಟರ್ ಬರಬೇಕು.

10ರ ಬದಲು 20 ಬಂದರೆ ಕೋಡಿನಲ್ಲಿ ಪಲ್ಸ್ ಬಂದಾಗ ಎಣಿಸು ಎನ್ನುವ ಇಂಟರಪ್ಟ್ ಸಾಲಿನಲ್ಲಿ ರೈಸಿಂಗ್ ಎಂದಿರಬೇಕಾದಲ್ಲಿ ಚೇಂಜ್ ಎಂದು ಬರೆದಿರುತ್ತೀರಿ. ಅಲೆ ಏರುವಾಗ ಒಂದು, ಇಳಿಯುವಾಗ ಒಂದು ಎಣಿಕೆ ಬೀಳುತ್ತದೆ. ಸೊನ್ನೆ ಬಂದರೆ, ಅಥವಾ ಅರ್ಥವಿಲ್ಲದ ಅಂಕಿ ಕುಣಿದರೆ, ಗ್ರೌಂಡ್ ಕೂಡಿಸಿಲ್ಲ. ಆಗೊಮ್ಮೆ ಈಗೊಮ್ಮೆ ವಿಚಿತ್ರ ಸಂಖ್ಯೆ ಬಂದರೆ ಕೋಡಿನಲ್ಲಿ ಎಣಿಕೆಯ ವೇರಿಯಬಲ್ಲಿನ ಮುಂದೆ ವೊಲಟೈಲ್ ಎಂದು ಬರೆದಿಲ್ಲ, ಇಲ್ಲವೇ ಅದನ್ನು ಓದುವ ಹೊತ್ತಿಗೆ ಇಂಟರಪ್ಟ್ ನಿಲ್ಲಿಸಿಲ್ಲ. ಸೆಕೆಂಡಿನ ಎಣಿಕೆ 74, 75, 76 ಎಂದು ಓಲಾಡಿದರೆ ಅದು ದೋಷವಲ್ಲ, ಒಂದು ಸೆಕೆಂಡಿನ ಕಿಟಕಿಯಲ್ಲಿ ಒಂದು ಪಲ್ಸ್ ಆಚೀಚೆ ಆಗುವುದು ಸಹಜ. ಉನೊ ಬದಲು 3.3 ವೋಲ್ಟಿನ ಇಎಸ್‌ಪಿ32 ಬಳಸುವವರು ಔಟ್ ಪಿನ್ನನ್ನು ನೇರ ಕೊಡಬೇಡಿ: 10 ಕಿಲೋಓಮ್ ಸರಣಿಯಲ್ಲಿ, 22 ಕಿಲೋಓಮ್ ಗ್ರೌಂಡಿಗೆ, ನಡುವಿನಿಂದ ಸಿಗ್ನಲ್. 5 ವೋಲ್ಟಿನಲ್ಲಿ ಓಡುವ ಬೋರ್ಡಿನ ಔಟ್ ಸುಮಾರು 4.2 ವೋಲ್ಟ್ ಇರುವುದು 2.9ಕ್ಕೆ ಇಳಿಯುತ್ತದೆ. 12 ವೋಲ್ಟಿನಲ್ಲಿ ಓಡುವ ಬೋರ್ಡನ್ನು ಯಾವ ಮೈಕ್ರೋಕಂಟ್ರೋಲರಿಗೂ ನೇರ ತೋರಿಸಬಾರದು, ಪಿನ್ ಹೋಯಿತೆಂದೇ ಲೆಕ್ಕ.

ಈ ಬೋರ್ಡಿನ ನಿಜವಾದ ಉಪಕಾರ ಇರುವುದು ಇಲ್ಲೇ. ಮೇಜಿನ ಮೇಲೆ 75 ಹರ್ಟ್ಸಿಗೆ 10 ಲೀಟರ್ ಸರಿಯಾಗಿ ಬಂದ ಕೋಡು ತೋಟದಲ್ಲಿ ಪಂಪ್ ಸ್ಟಾರ್ಟ್ ಆಗುವಾಗ ಹಾರಾಡಿದರೆ ಕೋಡನ್ನು ಕೆದಕುವುದು ವ್ಯರ್ಥ. ತಪ್ಪು ತಂತಿಯಲ್ಲಿ. ಸೆನ್ಸರಿನ ತಂತಿಯನ್ನು ಮೋಟಾರ್ ಕೇಬಲಿನಿಂದ ದೂರ ಎಳೆಯಿರಿ, ಸಿಗ್ನಲ್ ತಂತಿಯಿಂದ ಸಪ್ಲೈಗೆ 4.7 ಕಿಲೋಓಮ್ ಪುಲ್‌ಅಪ್, ಗ್ರೌಂಡಿಗೆ 0.01 ಮೈಕ್ರೋಫ್ಯಾರಡ್. ಅಳತೆ ಸ್ಥಿರವಾಗಿದ್ದೂ ಲೀಟರ್ ತಾಳೆಯಾಗದಿದ್ದರೆ ಸೆನ್ಸರನ್ನೇ ತೂಗಬೇಕು: 20 ಲೀಟರ್ ಬಕೆಟ್ ತುಂಬುವಷ್ಟರಲ್ಲಿ 9000 ಪಲ್ಸ್ ಬರಬೇಕು, ಬಂದಷ್ಟನ್ನು 20ರಿಂದ ಭಾಗಿಸಿ, 450ರ ಜಾಗದಲ್ಲಿ ಹಾಕಿ.

ಮೈಕ್ ಸೆಟ್ಟಿಗೆ ಬರೋಣ. ಭಾಗವತರ ಮೈಕಿನಿಂದ ಶಬ್ದವೇ ಇಲ್ಲ ಎಂದು ಬಂದ ಆಂಪ್ಲಿಫೈಯರಿನಲ್ಲಿ ಸಿಗ್ನಲನ್ನು ಹಿಂದಿನಿಂದ ಮುಂದಕ್ಕೆ ಕೊಡುತ್ತಾ ಬನ್ನಿ: ಮೊದಲು ಪವರ್ ಸ್ಟೇಜಿನ ಇನ್‌ಪುಟ್, ನಂತರ ವಾಲ್ಯೂಮ್ ಪಾಟಿನ ನಡುಕಾಲು, ಆಮೇಲೆ ಪ್ರೀಆಂಪ್, ಕೊನೆಗೆ ಮೈಕ್ ಸಾಕೆಟ್. ಎಲ್ಲಿಯವರೆಗೆ ಕೂಗು ಕೇಳುತ್ತದೋ ಅಲ್ಲಿಯವರೆಗೆ ಸರ್ಕ್ಯೂಟ್ ಜೀವಂತ. ಬೋರ್ಡಿನ 4 ವೋಲ್ಟ್ ಹಾಗೇ ಕೊಡುವಂತಿಲ್ಲ. ಲೈನ್ ಮಟ್ಟಕ್ಕೆ 10 ಕಿಲೋಓಮ್ ಮತ್ತು 1 ಕಿಲೋಓಮ್ ಡಿವೈಡರ್, 0.38 ವೋಲ್ಟ್ ಸಿಗುತ್ತದೆ. ಮೈಕ್ ಸಾಕೆಟ್ಟಿಗೆ 100 ಕಿಲೋಓಮ್ ಮತ್ತು 100 ಓಮ್, ನಾಲ್ಕು ಮಿಲಿವೋಲ್ಟಿನ ಹತ್ತಿರ. ಎರಡರ ಮುಂದೆಯೂ 1 ಮೈಕ್ರೋಫ್ಯಾರಡ್, 100 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಇರಲಿ. ಮಿಕ್ಸರಿನಲ್ಲಿ ಮೈಕಿಗೆ ಕರೆಂಟ್ ಕೊಡುವ 48 ವೋಲ್ಟ್ ಫ್ಯಾಂಟಮ್ ಇದ್ದರೆ ಅದನ್ನು ಆಫ್ ಮಾಡಿಯೇ ಶುರು ಮಾಡಿ.

ಚೌಕ ಅಲೆಯ ಶಬ್ದ ಕರ್ಕಶ. 1 ಕಿಲೋಹರ್ಟ್ಸಿನ ಜೊತೆ 3, 5, 7 ಕಿಲೋಹರ್ಟ್ಸುಗಳೂ ಬರುತ್ತವೆ. ಅಷ್ಟೇ ಎತ್ತರದ ಸೈನ್ ಅಲೆಗಿಂತ ಇದರಲ್ಲಿ ಶಕ್ತಿ ಎರಡು ಪಟ್ಟು. ಹಾರ್ನ್ ಯೂನಿಟ್ ಕಳಚಿಟ್ಟು, 8 ಓಮಿನ ಹಳೇ ಸ್ಪೀಕರ್ ಕಟ್ಟಿ, ವಾಲ್ಯೂಮ್ ಕಾಲು ಭಾಗಕ್ಕಿಂತ ಕಡಿಮೆ ಇಡಿ. 100 ವೋಲ್ಟ್ ಲೈನ್ ಟರ್ಮಿನಲ್ ಇರುವ ಆಂಪ್ಲಿಫೈಯರ್ ಆದರೆ ಸಿಗ್ನಲ್ ಇರುವಾಗ ಅಲ್ಲಿ ಬೆರಳಿಡಬೇಡಿ, ಹೊಡೆಯುತ್ತದೆ. ಕಿವಿಗೆ ಸ್ವಲ್ಪ ಹಿತ ಬೇಕಿದ್ದರೆ ಡಿವೈಡರಿಗೆ ಮೊದಲು 1 ಕಿಲೋಓಮ್ ಮತ್ತು 0.1 ಮೈಕ್ರೋಫ್ಯಾರಡಿನ ಫಿಲ್ಟರ್ ಹಾಕಿ, 1.6 ಕಿಲೋಹರ್ಟ್ಸಿಗಿಂತ ಮೇಲಿನದ್ದು ಕುಗ್ಗುತ್ತಾ ಹೋಗುತ್ತದೆ. ಸೈನ್ ಆಗುವುದಿಲ್ಲ, ಕೂಗು ತಗ್ಗುತ್ತದೆ, ಅಷ್ಟೇ.

ಮಳೆಗಾಲಕ್ಕೆ ಒಂದು ಮಾತು. ಆಟಿಯ ತೇವಕ್ಕೆ ಜಂಪರ್ ಪಿನ್ ಹಸಿರುಗಟ್ಟಿ, ಪಾಟ್ ಕರಕರ ಎಂದು ಫ್ರೀಕ್ವೆನ್ಸಿ ಜಿಗಿದಾಡಲು ಶುರುವಾದರೆ ಐಸಿ ಬದಲಿಸಬೇಡಿ. ಐಸೋಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಬಿಟ್ಟು ಪಾಟನ್ನು ಆ ತುದಿಯಿಂದ ಈ ತುದಿಗೆ ಹತ್ತು ಸಲ ಓಡಿಸಿ.

ಕೊನೆಗೆ ಸ್ಟೆಪರ್ ಮೋಟಾರ್, ಕೇಳುವವರು ಜಾಸ್ತಿ ಇದ್ದಾರೆ. ಮೋಟಾರನ್ನು ಪ್ರತಿ ಪಲ್ಸಿಗೆ ಒಂದು ಸ್ಟೆಪ್ ತಿರುಗಿಸುವ ಎ4988 ಡ್ರೈವರಿನ ಸ್ಟೆಪ್ ಪಿನ್ನಿಗೆ ಈ ಬೋರ್ಡು ನೇರ ಹೊಂದುತ್ತದೆ, ಒಂದು ಸೂಕ್ಷ್ಮ ಬಿಟ್ಟರೆ. ಡ್ರೈವರಿನ ವಿಡಿಡಿಗೆ (ಲಾಜಿಕ್ ಸಪ್ಲೈ ಪಿನ್) 5 ವೋಲ್ಟ್ ಕೊಟ್ಟರೆ ಅದು ಹೈ ಎಂದು ಒಪ್ಪಲು 3.5 ವೋಲ್ಟ್ ಬೇಕು. 555ರ ಔಟ್‌ಪುಟ್ ವಿಸಿಸಿವರೆಗೆ ಏರುವುದಿಲ್ಲ, ಲೋಡ್ ಬಿದ್ದಾಗ ಇನ್ನೂ ಇಳಿಯುತ್ತದೆ, ಹಾಗಾಗಿ ಮೋಟಾರ್ ಕೆಲವು ಸ್ಟೆಪ್ ನುಂಗುತ್ತದೆ. ವಿಡಿಡಿಗೆ 3.3 ವೋಲ್ಟ್ ಕೊಡಿ, 2.3 ವೋಲ್ಟೇ ಸಾಕಾಗುತ್ತದೆ. ರೀಸೆಟ್ ಮತ್ತು ಸ್ಲೀಪ್ ಪಿನ್ ಒಂದಕ್ಕೊಂದು ಕೂಡಿಸಿ, ಡೈರೆಕ್ಷನ್ ಪಿನ್ ಗ್ರೌಂಡಿಗೆ, ಮೋಟಾರ್ ಸಪ್ಲೈಗೆ ಅಡ್ಡವಾಗಿ 100 ಮೈಕ್ರೋಫ್ಯಾರಡ್. ಸುತ್ತಿಗೆ 200 ಸ್ಟೆಪ್ಪಿನ ಮೋಟಾರಿಗೆ 200 ಹರ್ಟ್ಸ್ ಎಂದರೆ ಸೆಕೆಂಡಿಗೆ ಒಂದು ಸುತ್ತು. ಪಾಟ್ ಮೇಲ್ತುದಿಯಲ್ಲಿರುವಾಗ ಸ್ವಿಚ್ ಹಾಕಿದರೆ ಮೋಟಾರ್ ನಿಂತಲ್ಲೇ ಗುಂಯ್‌ಗುಡುತ್ತದೆ. 100 ಹರ್ಟ್ಸಿನಲ್ಲಿ ಹೊರಡಿಸಿ, ತಿರುಗಲು ಶುರುವಾದ ಮೇಲೆ ಮೆಲ್ಲ ಏರಿಸಿ.