ಮಂಗಳೂರಿಗೆ ಹೋದಾಗ ಊರಿನದ್ದನ್ನೇ ಉಣ್ಣುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಹೊಸ ಊರಿಗೆ ಹೋದರೆ ನಾವೆಲ್ಲ ಕೇಳುವುದು "ಇಲ್ಲಿ ಒಳ್ಳೆ ಊಟ ಎಲ್ಲಿ ಸಿಗುತ್ತೆ?" ಅಂತ. ತಟ್ಟೆಗೆ ಬಂದದ್ದು ಎಲ್ಲಿ ಬೆಳೆದದ್ದು, ಯಾವ ನೀರಿನಲ್ಲಿ ಹಿಡಿದದ್ದು ಅಂತ ಕೇಳುವವರು ಕಡಿಮೆ. ಇವತ್ತು ನಾನು ಆ ಎರಡನೇ ಪ್ರಶ್ನೆಯ ಬಗ್ಗೆ ಮಾತಾಡುತ್ತೇನೆ. ನನಗೆ ಚೆನ್ನಾಗಿ ಗೊತ್ತಿರುವ ಊರು ಮಂಗಳೂರು. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮಂಗಳೂರಿನ ಅಡುಗೆ ಮಾಡುವ ಹೋಟೆಲಿಗೆ ಮಂಗಳೂರಿನಲ್ಲಿ ಬರ ಇಲ್ಲ. ನೀರ್‌ದೋಸೆ, ಕೋರಿ ರೊಟ್ಟಿ, ಮೀನಿನ ಊಟ ಎಲ್ಲ ಕಡೆ ಸಿಗುತ್ತವೆ. ಆದರೆ ಅಡುಗೆ ಊರಿನದ್ದು ಅಂದ ಮಾತ್ರಕ್ಕೆ ಸಾಮಾನೂ ಊರಿನದ್ದೇ ಆಗಿರಬೇಕೆಂದಿಲ್ಲ. ಕೋರಿ ಗಸಿ ಅಂದರೆ ಕೋಳಿ ಸಾರು, ಅದರ ಕೆಂಪು ಬಣ್ಣ ಬ್ಯಾಡಗಿ ಮೆಣಸಿನದ್ದು. ಆ ಮೆಣಸು ಘಟ್ಟ ಇಳಿದೇ ಬರಬೇಕು. ಅದು ಹಿಂದಿನಿಂದ ನಡೆದುಬಂದ ವ್ಯಾಪಾರ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಕೋಳಿ ಊರ ಕೋಳಿಯೋ ಬ್ರಾಯ್ಲರೋ ಅಂತ ಕೇಳಲೇಬೇಕು. ಕುಚ್ಚಲಕ್ಕಿಯದ್ದೂ ಹಾಗೇ. ಅಕ್ಕಿ ಮಿಲ್ಲು ಕರಾವಳಿಯದ್ದೇ ಇರಬಹುದು, ಭತ್ತ ಮಾತ್ರ ಎಷ್ಟೋ ಸಲ ಶಿವಮೊಗ್ಗ, ದಾವಣಗೆರೆ ಕಡೆಯಿಂದ ಬಂದಿರುತ್ತದೆ. ಕರಾವಳಿಯಲ್ಲಿ ಗದ್ದೆ ಕಡಿಮೆಯಾಗಿ ಅಡಿಕೆ ತೋಟ ಜಾಸ್ತಿ ಆಗಿದೆ. ಇನ್ನೂ ಗದ್ದೆ ಮಾಡುವವರು ಎಂಒ4 ಅನ್ನುವ ತಳಿಯ ತರಹದ ಕೆಂಪು ಭತ್ತ ಬೆಳೆಯುತ್ತಾರೆ. ಆ ಅಕ್ಕಿಯನ್ನು ಹುಡುಕಿ ತಂದು ಬೇಯಿಸುವ ಹೋಟೆಲ್ ಸಿಕ್ಕಿದರೆ ಬಿಡಬೇಡಿ.

ಈಗ ಮೀನಿನ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಪ್ರವಾಸಿಗರಿಗೆ ತಿಳಿಯದೇ ಹೋಗುವುದು ಇಲ್ಲೇ.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅದು. ಟ್ರಾಲ್ ಬೋಟು, ಪರ್ಸೀನ್ ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ. ಆದರೂ ಜುಲೈ ತಿಂಗಳಲ್ಲಿ ಹೋಟೆಲಿಗೆ ಹೋದರೆ ದೊಡ್ಡ ಅಂಜಲ್ ಮೀನಿನ ತುಂಡು ಸಿಗುತ್ತದೆ. ಅದು ಎಲ್ಲಿಂದ ಬಂತು? ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಆಮೇಲೆ ಆ ಕಡೆಯ ಮೀನು ಐಸ್ ಹಾಕಿಸಿಕೊಂಡು ಲಾರಿಯಲ್ಲಿ ಇಲ್ಲಿಗೆ ಬರುತ್ತದೆ. ಇಲ್ಲವೇ ಮೊದಲೇ ಹಿಡಿದು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟದ್ದಾಗಿರುತ್ತದೆ. ತಿನ್ನಬಾರದು ಅಂತಲ್ಲ. ಆದರೆ ಅದನ್ನು ಮಂಗಳೂರಿನ ತಾಜಾ ಮೀನು ಅಂದುಕೊಂಡು ತಿನ್ನಬೇಡಿ.

ಆ ಎರಡು ತಿಂಗಳೂ ಕಡಲು ಪೂರ್ತಿ ಮುಚ್ಚಿರುವುದಿಲ್ಲ. ನಾಡದೋಣಿಯವರಿಗೆ ಅವಕಾಶ ಇದೆ. 10 ಅಶ್ವಶಕ್ತಿವರೆಗಿನ ಎಂಜಿನ್ ಹಾಕಿದ ಸಣ್ಣ ದೋಣಿಯಲ್ಲಿ, ಕಡಲು ಸ್ವಲ್ಪ ತಣ್ಣಗಾದ ದಿನ ನೋಡಿ ಹೋಗುತ್ತಾರೆ. ಸಿಗಡಿ, ಬಂಗುಡೆ, ಬೂತಾಯಿ, ಅವತ್ತು ಬಲೆಗೆ ಬಿದ್ದದ್ದು. ನೇತ್ರಾವತಿ, ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆಯ ಕಡೆ ಹೊಳೆಮೀನು ಕೂಡ ಸಿಗುತ್ತದೆ. ಮಳೆಗಾಲದಲ್ಲಿ ಇವನ್ನು ಕೊಂಡು ಅಡುಗೆ ಮಾಡುವ ಹೋಟೆಲೇ ನನ್ನ ಲೆಕ್ಕದಲ್ಲಿ ಊರಿನ ಹೋಟೆಲ್. ಅಂಥ ಕಡೆ ಒಂದು ದಿನ ಮೀನು ಇರುತ್ತದೆ, ಇನ್ನೊಂದು ದಿನ ಇರುವುದಿಲ್ಲ. ಕಡಲು ಬಿರುಸಾಗಿದ್ದ ದಿನ ಒಣಮೀನಿನ ಚಟ್ನಿ, ಹುರುಳಿ ಸಾರು ಬಡಿಸುತ್ತಾರೆ. ಅದೂ ಬಹಳ ಒಳ್ಳೆ ಊಟ.

ಮೀನಿನ ಹೋಟೆಲುಗಳಲ್ಲಿ ಒಂದು ಪದ್ಧತಿ ಇದೆ. ಮಸಾಲೆ ಹಚ್ಚಿದ ಹಸಿ ಮೀನುಗಳನ್ನು ದೊಡ್ಡ ತಟ್ಟೆಯಲ್ಲಿ ಜೋಡಿಸಿ ಟೇಬಲ್ಲಿಗೆ ತರುತ್ತಾರೆ. ಬೇಕಾದ್ದನ್ನು ನೀವು ತೋರಿಸಬೇಕು. ನೋಡಲು ಚೆಂದ, ಆದರೆ ಮಸಾಲೆ ಮೆತ್ತಿದ ಮೇಲೆ ತಾಜಾ ಯಾವುದು, ಹಳೆಯದು ಯಾವುದು ಅಂತ ಹೇಳುವುದು ಕಷ್ಟ. ಹಾಗಾಗಿ ತಟ್ಟೆ ಬರುವ ಮೊದಲೇ ಕೇಳಿಬಿಡಿ. ತುಳುವಿನಲ್ಲಿ ಕೇಳಿದರೆ ಇನ್ನೂ ಒಳ್ಳೆಯದು: "ಇನಿ ದಾದ ಮೀನ್ ಉಂಡು?" ಇವತ್ತು ಏನು ಮೀನಿದೆ ಅಂತ. "ಎಲ್ಲ ಇದೆ ಸರ್" ಅಂದರೆ ಸ್ವಲ್ಪ ಯೋಚಿಸಿ. "ಬಂಗುಡೆ ಇದೆ, ಕಾಣೆ ಮುಗೀತು, ಮಾಂಜಿ ಇವತ್ತು ಬರ್ಲಿಲ್ಲ" ಅಂದರೆ ಧೈರ್ಯವಾಗಿ ಕೂತುಕೊಳ್ಳಿ. ಅವರು ಅವತ್ತಿನ ಮೀನನ್ನು ಅವತ್ತೇ ಕೊಂಡು ತಂದಿರುತ್ತಾರೆ. ಇನ್ನು ಪಟ್ಟಿಯಲ್ಲಿ ಬಾಸಾ ಮೀನು ಕಂಡರೆ, ಅದು ಸಾಕಿ ಬೆಳೆಸುವ ಸಿಹಿನೀರಿನ ಮೀನು. ನಮ್ಮ ಕಡಲಿಗೂ ಅದಕ್ಕೂ ಸಂಬಂಧ ಇಲ್ಲ.

ತರಕಾರಿಯಲ್ಲಿ ಗುರುತಿಸುವುದು ಸುಲಭ. ಮಂಗಳೂರಿನ ಮಾರ್ಕೆಟಿನಲ್ಲಿ ಮಾರುವವರೇ ಇದು ಊರಿನದ್ದು, ಇದು ಘಟ್ಟದ್ದು ಅಂತ ಬೇರೆ ಬೇರೆ ಇಟ್ಟಿರುತ್ತಾರೆ. ಬೆಂಡೆಕಾಯಿಯನ್ನೇ ನೋಡಿ. ಘಟ್ಟದ್ದು ಗಿಡ್ಡ, ಕಡು ಹಸಿರು. ಊರ ಬೆಂಡೆ ಉದ್ದ, ದಪ್ಪ, ಬಿಳಿಚಿಕೊಂಡ ಬಣ್ಣ, ಮೈಮೇಲೆ ಏಣು ಜಾಸ್ತಿ. ಗೇಣುದ್ದ ಆದರೂ ಎಳತಾಗೇ ಇರುತ್ತದೆ. ಮಳೆಗಾಲದಲ್ಲಿ ಬರುತ್ತದೆ, ರೇಟೂ ಜಾಸ್ತಿ. ರಸ್ತೆ ಬದಿಯಲ್ಲಿ ಬಸಳೆ ಕಟ್ಟು, ಹರಿವೆ, ಕೆಸುವಿನ ಎಲೆ, ಕಣಿಲೆ (ಎಳೆ ಬಿದಿರು) ಇಟ್ಟುಕೊಂಡು ಕೂತ ಹೆಂಗಸರು ಸಿಗುತ್ತಾರೆ. ಹೆಚ್ಚಿನವರು ಸುತ್ತಲಿನ ಹಳ್ಳಿಗಳಿಂದ ಬೆಳಗ್ಗೆ ಬಸ್ಸಿನಲ್ಲಿ ಬಂದವರು. "ಅಕ್ಕ, ನಿಮ್ಮ ಹತ್ತಿರ ಯಾವ ಹೋಟೆಲಿನವರು ತಗೊಳ್ತಾರೆ?" ಅಂತ ಅವರನ್ನೇ ಕೇಳಿ. ಫೋನಿನಲ್ಲಿ ಐದು ಸ್ಟಾರ್ ನೋಡಿ ಹೋಗುವುದಕ್ಕಿಂತ ಇದು ಎಷ್ಟೋ ಮೇಲು. ಸ್ಟಾರ್ ಕೊಟ್ಟವರಿಗೆ ರುಚಿ ಗೊತ್ತಿರಬಹುದು, ಬಸಳೆ ಎಲ್ಲಿಂದ ಬಂತು ಅಂತ ಗೊತ್ತಿರುವುದು ಅದನ್ನು ಮಾರಿದವರಿಗೆ ತಾನೇ? ಭಾನುವಾರ ಬೆಳಗ್ಗೆ ಊರಲ್ಲಿದ್ದರೆ ಸಾವಯವ ಕೃಷಿಕ ಗ್ರಾಹಕ ಬಳಗದವರ ಸಂತೆ ಇದೆಯಾ ಅಂತ ವಿಚಾರಿಸಿ. ಅಲ್ಲಿ ಬೆಳೆದವರೇ ಮಾತಿಗೆ ಸಿಗುತ್ತಾರೆ.

ಉಡುಪಿಗೆ ಹೋಗುವವರಿಗೆ ಮಟ್ಟುಗುಳ್ಳ ಅನ್ನುವ ಬದನೆಕಾಯಿಯ ಬಗ್ಗೆ ಒಂದು ಮಾತು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ, ಅಂದರೆ ಇದು ಇಂಥ ಊರಿನದ್ದೇ ಅನ್ನುವ ಗುರುತು, ಸಿಕ್ಕಿದೆ. ಮಟ್ಟು ಗ್ರಾಮದ ಸುತ್ತಮುತ್ತ ಮಳೆಗಾಲದ ಭತ್ತ ಆದ ಮೇಲೆ ಇದನ್ನು ಬೆಳೆಯುತ್ತಾರೆ. ಅಂದಮೇಲೆ ಮಳೆಗಾಲದ ನಡುವೆ ಯಾರಾದರೂ ಮಟ್ಟುಗುಳ್ಳದ ಸಾಂಬಾರು ಅಂತ ಬಡಿಸಿದರೆ, ಯಾವ ಗದ್ದೆಯದ್ದು ಅಂತ ಕೇಳುವ ಹಕ್ಕು ನಿಮಗಿದೆ.

ಇಷ್ಟೆಲ್ಲ ಯಾಕೆ ಅಂದರೆ, ನಾವು ಕೊಡುವ ದುಡ್ಡು ಯಾರ ಕೈಗೆ ಹೋಗುತ್ತದೆ ಅನ್ನುವುದು ನನಗೆ ಮುಖ್ಯ. ಊರ ಬೆಂಡೆಗೆ ಗಿರಾಕಿ ಇಲ್ಲದಿದ್ದರೆ ಆ ಅಕ್ಕ ಮುಂದಿನ ವರ್ಷ ಬೀಜ ಹಾಕುವುದಿಲ್ಲ. ನಾಡದೋಣಿಯ ಸಿಗಡಿಗೆ ಮರ್ಯಾದೆಯ ರೇಟು ಸಿಗದಿದ್ದರೆ ಅವರ ಮಕ್ಕಳು ಆ ದೋಣಿ ಹತ್ತುವುದಿಲ್ಲ. ಹೋಟೆಲಿನವರು ಊರಿನದ್ದು ಕೊಳ್ಳಬೇಕಾದರೆ ತಿನ್ನುವವರು ಕೇಳಬೇಕು.

ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹೋಗುವುದಾದರೆ ಕೆಸುವಿನ ಎಲೆಯ ಪತ್ರೊಡೆ ತಿನ್ನದೆ ಬರಬೇಡಿ. ಮರಗೆಸು ಅಂತ ಇದೆ, ಮಳೆಗೆ ಮರದ ಮೈಮೇಲೆ ಹುಟ್ಟುವ ಕೆಸು. ಅದರ ಪತ್ರೊಡೆಗೆ ಬೇರೆಯೇ ರುಚಿ. ಆದರೆ ಹೋಗಿ ಕೂತ ತಕ್ಷಣ ಸಿಗುವ ತಿಂಡಿ ಅಲ್ಲ ಅದು. ಅಕ್ಕಿ ನೆನೆಹಾಕಿ ಮಸಾಲೆ ಜೊತೆ ರುಬ್ಬಬೇಕು, ಎಲೆಗೆ ಸವರಿ ಒಂದರ ಮೇಲೊಂದು ಇಟ್ಟು ಸುತ್ತಬೇಕು, ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಕತ್ತರಿಸಬೇಕು. ಹಾಗಾಗಿ ಮನೆಯವರೇ ನಡೆಸುವ ಸಣ್ಣ ಹೋಟೆಲ್ ನೋಡಿ, ಹಿಂದಿನ ದಿನವೇ ಹೋಗಿ ಇಷ್ಟು ಜನ ಬರುತ್ತೇವೆ ಅಂತ ಹೇಳಿ ಬನ್ನಿ. ಎಲೆ ಸಿಕ್ಕಿದರೆ ಮಾಡುತ್ತೇವೆ ಅಂತ ಅವರು ಹೇಳುತ್ತಾರೆ. ಒಪ್ಪಿಕೊಳ್ಳಿ, ಸ್ವಲ್ಪ ಮುಂಗಡವನ್ನೂ ಕೊಟ್ಟು ಬನ್ನಿ.